ಉಂಡ ಮನೆಯ ಜಂತೆ

ಹೋದ ತಿಂಗಳು ನನ್ನ ತಂಗಿಯ ಮಗಳು ಎರಡು ದಿನ ಇದ್ದು ಹೋಗೋಣವೆಂದು ಬಂದಿದ್ದಳು. ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡು, ನೆಟ್ ಪರೀಕ್ಷೆ ಪಾಸು ಮಾಡಿ, ಆರು ವರ್ಷಗಳಿಂದ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ಈ 'ಅತಿಥಿ' ಎಂಬ ಮಾತನ್ನು ಯಾವ ಪುಣ್ಯಾತ್ಮರು ಕಂಡುಹಿಡಿದರೋ! ಮನೆಗೆ ಬಂದ ಅತಿಥಿಗೆ ನಾವು ಒತ್ತಾಯ ಮಾಡಿ ಎರಡನೆಯ ಸಲ ಬಡಿಸುತ್ತೇವೆ. ಈ ಅತಿಥಿಗಳು ಮಾತ್ರ ಪ್ರತಿ ವರ್ಷವೂ ಈ ಸಲ ನಮಗೆ ಎಲೆ ಹಾಕುತ್ತಾರೋ ಇಲ್ಲವೋ ಎಂದು ಬಾಗಿಲಲ್ಲಿ ಕಾಯುತ್ತ ನಿಂತಿರಬೇಕು. ರಾಜ್ಯದಲ್ಲಿ ಇಂಥವರು ಸಾವಿರಗಟ್ಟಲೆ ಇದ್ದಾರೆ.

ಅವಳ ಕೈಯಲ್ಲಿ ಒಂದು ಪ್ರಬಂಧವಿತ್ತು. ವಿಚಾರ ಸಂಕಿರಣವೊಂದರಲ್ಲಿ ಓದಬೇಕಾದದ್ದು. ಉನ್ನತ ಶಿಕ್ಷಣ ಮತ್ತು ಸಾಮಾಜಿಕ ಬದಲಾವಣೆ ಎಂಬ ವಿಷಯ. ಹನ್ನೆರಡು ಪುಟದಲ್ಲಿ ಒಂದೇ ಒಂದು ಪುಟ ಇವತ್ತಿನ ಮಾತು. ಇರುವ ಹುದ್ದೆಗಳನ್ನು ತುಂಬದೆ ವಿಶ್ವವಿದ್ಯಾಲಯಗಳ ಸಂಖ್ಯೆಯನ್ನು ಮಾತ್ರ ಏರಿಸಿದ ಸರ್ಕಾರಗಳ ಬಗ್ಗೆ ಬರೆದಿದ್ದಳು. ಅವಳ ಪ್ರಾಂಶುಪಾಲರು ಓದಿ ನೋಡಿ, "ಚೆನ್ನಾಗಿದೆ ಮೇಡಂ, ಆದರೆ ಈ ಪುಟ ಬೇಡ. ಮುಂದಿನ ವರ್ಷವೂ ನೀವು ಇಲ್ಲೇ ಇರಬೇಕಲ್ಲ" ಎಂದರಂತೆ. ಬೈದದ್ದಲ್ಲ, ಹೆದರಿಸಿದ್ದೂ ಅಲ್ಲ. ಕಾಳಜಿಯಿಂದಲೇ ಹೇಳಿದ ಮಾತು.

"ತೆಗೆದುಬಿಡಲಾ ದೊಡ್ಡಮ್ಮ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಗೋಡೆಗೆ ಒರಗಿ ಕೂತಿದ್ದ ನಮ್ಮವ್ವ ಹೇಳಿಬಿಟ್ಟಳು. ತೊಂಬತ್ತರ ಹತ್ತಿರದ ಜೀವ, ಕಿವಿ ಮಾತ್ರ ಇನ್ನೂ ಚುರುಕು. "ಉಂಡ ಮನೆ ಜಂತೆ ಎಣಿಸಬಾರದು ಕಣವ್ವ."

ಗಾದೆ ನಿಮಗೂ ಗೊತ್ತಿದ್ದದ್ದೇ. ಊಟಕ್ಕೆ ಕರೆದವರ ಮನೆಯಲ್ಲಿ ಎಲೆಯ ಮುಂದೆ ಕೂತು, ಮೇಲೆ ನೋಡುತ್ತ, ಇವರ ಮಾಡಿಗೆ ಎಷ್ಟು ಜಂತೆ, ಅದರಲ್ಲಿ ಗಟ್ಟಿ ಎಷ್ಟು, ಟೊಳ್ಳು ಎಷ್ಟು ಎಂದು ಲೆಕ್ಕ ಹಾಕುವುದು ಸಣ್ಣ ಬುದ್ಧಿ. ಅವ್ವ ನಮ್ಮನ್ನೆಲ್ಲ ಈ ಗಾದೆಯ ಮೇಲೆಯೇ ಬೆಳೆಸಿದವಳು. ಹುಡುಗಿ ನನ್ನ ಮುಖ ನೋಡಿದಳು. ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ದೊಡ್ಡಮ್ಮ ಅಜ್ಜಿಯ ಮಾತನ್ನು ತಳ್ಳಿಹಾಕುತ್ತಾಳೆ ಎಂದುಕೊಂಡಿದ್ದಳೋ ಏನೋ. ನಾನು, ಒಲೆಯ ಮೇಲೆ ಹಾಲಿದೆ ಎಂದು ಅಡುಗೆಮನೆಗೆ ಎದ್ದು ಹೋದೆ. ಹಾಲು ಒಲೆಯ ಮೇಲೆ ಇರಲಿಲ್ಲ. ಅವಳು ಕೇಳಿದ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದ್ದ ಪ್ರಶ್ನೆಯಾಗಿತ್ತು, ಅಷ್ಟೆ.

ಏಕೆಂದರೆ ನಾನು ಆ ಮನೆಯಲ್ಲಿ ಉಂಡವಳು. ಅಲಂಕಾರದ ಮಾತಾಗಿ ಹೇಳುತ್ತಿಲ್ಲ, ನಿಜವಾಗಿಯೂ ಉಂಡವಳು. 1973ರ ಜೂನ್‌ನಲ್ಲಿ ನಂಜನಗೂಡಿನ ಕಡೆಯ ಹಳ್ಳಿಯಿಂದ ಒಂದು ತಗಡಿನ ಟ್ರಂಕು ಹಿಡಿದು ಮೈಸೂರಿನ ಸರ್ಕಾರಿ ಹಾಸ್ಟೆಲಿಗೆ ಬಂದೆ. ಬರುವಾಗ ನಮ್ಮದು ಮೈಸೂರು ರಾಜ್ಯ. ನವೆಂಬರ್ ಬರುವ ಹೊತ್ತಿಗೆ ಕರ್ನಾಟಕವಾಗಿತ್ತು. ಬೆಳಿಗ್ಗೆ ಉಪ್ಪಿಟ್ಟು, ಎರಡು ಹೊತ್ತು ಮುದ್ದೆ, ಅನ್ನ, ನೀರಾದ ಸಾರು. ಸಾರಿನಲ್ಲಿ ಬೇಳೆ ಸಿಕ್ಕರೆ ಲಾಟರಿ ಹೊಡೆಯಿತು ಎಂದು ನಗುತ್ತಿದ್ದೆವು. ಆದರೆ ಆ ಸಾರು ಇಲ್ಲದಿದ್ದರೆ ನಾನಿಲ್ಲ. ಅಪ್ಪನಿಗೆ ಇದ್ದದ್ದು ಎರಡು ಎಕರೆ ಬೆದ್ದಲು. ನಮ್ಮ ಜನದಲ್ಲಿ ಅದುವರೆಗೆ ಏಳನೆಯ ತರಗತಿ ದಾಟಿದ ಹೆಣ್ಣುಮಗಳು ಒಬ್ಬಳೂ ಇರಲಿಲ್ಲ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ಕಾಲ. ಹಾವನೂರು ಆಯೋಗ 1972ರಲ್ಲಿ ನೇಮಕವಾಗಿ ಊರೂರು ಸುತ್ತಿ, ಯಾವ ಜಾತಿಯಲ್ಲಿ ಎಷ್ಟು ಮಂದಿ ಓದಿದ್ದಾರೆ ಎಂದು ಲೆಕ್ಕ ತೆಗೆಯುತ್ತಿತ್ತು. ಮನೆಮನೆಗೆ ಬಂದು 'ನಿಮ್ಮ ಹುಡುಗಿಯನ್ನು ಓದಿಸಿ' ಎಂದು ಅಂಗಲಾಚಿದ್ದು ಯಾವ ಕಾಲೇಜೂ ಅಲ್ಲ. ಫೀಸು ಮಾಫಿ, ಹಾಸ್ಟೆಲು, ಪುಸ್ತಕಕ್ಕೆ ಹಣ, ಎಲ್ಲವೂ ಸರ್ಕಾರದ ಆದೇಶದ ಕಾಗದಗಳಿಂದ ಬಂದವು. ಕಾಲೇಜಿನ ಕಲ್ಲು ಕಟ್ಟಡಗಳು ಅದಕ್ಕೆ ಎಷ್ಟೋ ದಶಕ ಮೊದಲಿನಿಂದ ಅಲ್ಲೇ ನಿಂತಿದ್ದವು. ನಮ್ಮಂಥವರು ಬರುತ್ತಿಲ್ಲವಲ್ಲ ಎಂದು ಅವಕ್ಕೆ ಅನಿಸಿದ ಗುರುತು ನನಗೆ ಸಿಕ್ಕಿಲ್ಲ.

ಹಾಗಾಗಿ 'ವಿಶ್ವವಿದ್ಯಾಲಯದ ಸ್ವಾಯತ್ತತೆ' ಎಂಬ ದೊಡ್ಡ ಮಾತನ್ನು ಸಭೆಗಳಲ್ಲಿ ಕೇಳಿದಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆನಾದರೂ ಒಳಗೆ ಒಂದು ಮುಳ್ಳು ಆಡುತ್ತಲೇ ಇರುತ್ತಿತ್ತು. ಯಾರ ಸ್ವಾಯತ್ತತೆ?

ನಮ್ಮ ಮೈಸೂರಿನ ಕತೆಯನ್ನೇ ತೆಗೆದುಕೊಳ್ಳಿ. ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮೊದಲು ಮದ್ರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪಾಠ ಇಲ್ಲಿ, ಪಠ್ಯ ಅಲ್ಲಿಯದು. ನಮಗೆ ನಮ್ಮದೇ ವಿಶ್ವವಿದ್ಯಾಲಯ ಬೇಕು ಎಂದು ಹಟ ಹಿಡಿದು ದುಡಿದವರು ದಿವಾನ್ ವಿಶ್ವೇಶ್ವರಯ್ಯನವರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಬ್ರಿಟಿಷರ ನೇರ ಆಡಳಿತದ ಹೊರಗೆ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾಲಯ. ಆ ಸ್ವಾತಂತ್ರ್ಯದ ಹೆಮ್ಮೆ ನನಗೂ ಇದೆ. ಆದರೆ ಎರಡೇ ವರ್ಷಕ್ಕೆ, 1918ರಲ್ಲಿ, ಬ್ರಾಹ್ಮಣೇತರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ಹೋಗಿ ಓದಿನಲ್ಲಿ, ಉದ್ಯೋಗದಲ್ಲಿ ನಮ್ಮ ಪಾಲೆಲ್ಲಿ ಎಂದು ಕೇಳಿದರು. ಮಹಾರಾಜರು ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆಯೊಂದೇ ಅಳತೆಯಾಗಬೇಕು ಎಂಬುದು ಅವರ ನಂಬಿಕೆ. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು.

ನಾನು ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಹಸ್ತ ಶುದ್ಧ, ನಡೆ ಶುದ್ಧ ಇದ್ದ ಮನುಷ್ಯ. ಆದರೂ ನೋಡಿ, ಮದ್ರಾಸಿನ ಹಿಡಿತದಿಂದ ಮೈಸೂರು ಬಿಡಿಸಿಕೊಳ್ಳಬೇಕು ಎಂದು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣಿಗೆ, ಆ ಹೊಸ ಮನೆಯೊಳಗೆ ಯಾರು ಕೂತಿದ್ದಾರೆ, ಯಾರು ಜಗುಲಿಯ ಕೆಳಗೆ ನಿಂತಿದ್ದಾರೆ ಎಂಬುದು ಅಷ್ಟೇ ಸ್ಪಷ್ಟವಾಗಿ ಕಾಣಲಿಲ್ಲ. ಅದನ್ನು ಕಂಡದ್ದು, ಅಥವಾ ಕಾಣಬೇಕಾಗಿ ಬಂದದ್ದು, ಅರಮನೆಗೆ. ಎಂದರೆ ಸರ್ಕಾರಕ್ಕೆ.

ಇನ್ನೊಂದು ಪ್ರಸಂಗ ನಮ್ಮ ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರದ್ದು. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ.ಯಲ್ಲಿ ಮೊದಲಿಗಳಾಗಿ ಪಾಸಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದೆವಲ್ಲ, ಅದೇ. ಆಗ ಅಲ್ಲಿನ ನಿರ್ದೇಶಕರು ಸರ್ ಸಿ.ವಿ. ರಾಮನ್, ನೊಬೆಲ್ ಬಂದು ಮೂರು ವರ್ಷವಾಗಿತ್ತು. ಹೆಣ್ಣೆಂಬ ಕಾರಣಕ್ಕೆ ಬೇಡ ಎಂದರು. ಆ ಹುಡುಗಿ ಸುಮ್ಮನಿರಲಿಲ್ಲ. ಬೆಂಗಳೂರಿಗೇ ಬಂದು, ಕಾರಣ ಹೇಳಿ ಎಂದು ಪಟ್ಟು ಹಿಡಿದು ಕೂತಳು. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು. ಒಂದು ವರ್ಷ ಪರೀಕ್ಷಾರ್ಥ. ನಿರ್ದೇಶಕರಿಗೆ ತೃಪ್ತಿಯಾಗುವ ತನಕ ಅವಳ ಕೆಲಸಕ್ಕೆ ಮಾನ್ಯತೆಯಿಲ್ಲ. ಗಂಡು ವಿದ್ಯಾರ್ಥಿಗಳ ಓದಿಗೆ ಅವಳಿಂದ ಭಂಗವಾಗಬಾರದು! ಷರತ್ತುಗಳನ್ನೆಲ್ಲ ದಾಟಿ 1936ರಲ್ಲಿ ಎಂ.ಎಸ್‌ಸಿ. ಪಡೆದಳು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟು. ಮದುವೆಯಾದ ಮೇಲೆ ಕಮಲಾ ಸೊಹೋನಿ ಎಂದು ಹೆಸರಾದದ್ದು ಇವರೇ.

ಬೇಡ ಎಂದವರು ಸರ್ಕಾರದ ಮಂತ್ರಿಯಲ್ಲ, ದಡ್ಡ ಅಧಿಕಾರಿಯಲ್ಲ. ದೇಶದ ಅತ್ಯಂತ ಸ್ವತಂತ್ರ ಬುದ್ಧಿಯ ವಿಜ್ಞಾನಿ. ಸಂಸ್ಥೆಯ ಮುಖ್ಯಸ್ಥನಿಗೆ ಯಾರನ್ನು ಸೇರಿಸಿಕೊಳ್ಳಬೇಕು ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಬೇಕು ಎನ್ನುತ್ತೇವೆ. ಅವರು ಆ ಸ್ವಾತಂತ್ರ್ಯವನ್ನೇ ಬಳಸಿದ್ದು! ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಕೂಡು ಕುಟುಂಬಗಳು. ಪೊಲೀಸರು ನಮ್ಮ ಮನೆ ವಿಚಾರಕ್ಕೆ ಬರಬಾರದು, ನಮ್ಮ ಮನೆ ನಮ್ಮ ಇಷ್ಟ ಎಂದು ಯಜಮಾನರು ಗರ್ಜಿಸುತ್ತಿದ್ದರು. ಅಡುಗೆಮನೆಯಲ್ಲಿ ಬಾಸುಂಡೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಸೊಸೆಗೆ ಆ ಸ್ವಾತಂತ್ರ್ಯದಿಂದ ಏನು ಬಂತು?

ಹಾಗಾದರೆ ಸರ್ಕಾರವೇ ಎಲ್ಲ ನೋಡಿಕೊಳ್ಳಲಿ ಎಂದೇ? ನನ್ನ ಹದಿನೇಳನೆಯ ವಯಸ್ಸಿನಲ್ಲಿ ಕೇಳಿದ್ದರೆ ಹೌದು ಎಂದೇ ಹೇಳುತ್ತಿದ್ದೆ. ಆದರೆ ಆ ವಯಸ್ಸಿನಲ್ಲೇ, ನಾನು ಮೈಸೂರಿಗೆ ಬಂದ ಐದೇ ತಿಂಗಳಿಗೆ, ಒಂದು ಗಲಾಟೆ ಎದ್ದಿತು. 1973ರ ನವೆಂಬರ್‌ನಲ್ಲಿ ಅರಸು ಅವರ ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಭೂಸಾ ಎಂಬರ್ಥದ ಮಾತಾಡಿದರು. ಭೂಸಾ ಎಂದರೆ ದನಕ್ಕೆ ಹಾಕುವ ಹೊಟ್ಟು. ಕಾಲೇಜುಗಳು ಹೊತ್ತಿಕೊಂಡವು. ಮೆರವಣಿಗೆ, ಕಲ್ಲು, ಧಿಕ್ಕಾರ. ದಲಿತ ಹುಡುಗರನ್ನು ಹುಡುಕಿ ಹೊಡೆದರು. ನಮ್ಮ ಹಾಸ್ಟೆಲಿನ ವಾರ್ಡನ್ನಮ್ಮ ಮೂರು ದಿನ ಗೇಟಿಗೆ ಬೀಗ ಹಾಕಿ, ಕಿಟಕಿಯ ಹತ್ತಿರ ನಿಲ್ಲಬೇಡಿ ಎಂದಿದ್ದರು. ಕುವೆಂಪು ಅವರಂಥವರೇ ಬಸವಲಿಂಗಪ್ಪನವರ ಮಾತಿನಲ್ಲಿ ಸತ್ಯವಿದೆ ಎಂದರೂ ನಿಲ್ಲಲಿಲ್ಲ. ಕೊನೆಗೆ ಮಂತ್ರಿ ಪದವಿ ಹೋಯಿತು.

ಈ ಪ್ರಸಂಗದಲ್ಲಿ ಎಲ್ಲ ತಲೆಕೆಳಗಾಗಿದೆ, ಗಮನಿಸಿದಿರಾ? ಜಂತೆ ಎಣಿಸಿದವರು ಸರ್ಕಾರದ ಮಂತ್ರಿ. ಎಣಿಸಬೇಡ ಎಂದು ಕಲ್ಲು ಬೀಸಿದವರು ವಿದ್ಯೆಯ ಮನೆಯವರು. ಆಮೇಲೆ ಆದದ್ದು ಇನ್ನೂ ಕುತೂಹಲದ್ದು. ಆ ಏಟು ತಿಂದ ಪೀಳಿಗೆಯಿಂದಲೇ ದಲಿತ ಚಳವಳಿ ಬಲಿಯಿತು, ದಲಿತ ಸಾಹಿತ್ಯ ಎಂಬುದು ಕನ್ನಡದಲ್ಲಿ ತಲೆ ಎತ್ತಿತು. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ.ಗೆ ಸೇರುವ ಹೊತ್ತಿಗೆ ದೇವನೂರ ಮಹಾದೇವರ 'ದ್ಯಾವನೂರು' ಕಥೆಗಳನ್ನೂ ಸಿದ್ಧಲಿಂಗಯ್ಯನವರ ಕವಿತೆಗಳನ್ನೂ ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದೆವು. ಮೆಲ್ಲಗೆ ಅವು ತರಗತಿಗೂ ಬಂದವು. ಮಂತ್ರಿಯ ಆದೇಶದಿಂದ ಬಂದವಲ್ಲ. ಪಾಠ ಮಾಡುವ ಕೆಲವರು, ಇದನ್ನು ಓದಿಸದೆ ಇನ್ನೇನು ಓದಿಸುವುದು ಎಂದು ಸಹೋದ್ಯೋಗಿಗಳ ಜೊತೆ ಜಗಳವಾಡಿ ತಂದದ್ದರಿಂದ ಬಂದವು. ನನ್ನಂಥವಳನ್ನು ಬೆಂಚಿನ ಮೇಲೆ ಕೂರಿಸುವುದು ಸರ್ಕಾರಕ್ಕೆ ಸಾಧ್ಯವಾಯಿತು. ಬೆಂಚಿನ ಮೇಲೆ ಕೂತ ನನ್ನ ಮುಂದೆ ನನ್ನ ಬದುಕೇ ಪಾಠವಾಗಿ ಬರುವಂತೆ ಮಾಡಲು ಬೇರೆಯೇ ಒಂದು ಧೈರ್ಯ ಬೇಕಾಯಿತು, ಅದು ಆದೇಶದ ಕಾಗದದಲ್ಲಿ ಇರಲಿಲ್ಲ.

ಸರ್ಕಾರದ ಅನ್ನವೇ ಬೇಡ ಎಂದು ಬದುಕಿ ತೋರಿಸಿದವರೂ ಇದ್ದಾರೆ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ 1916ರಲ್ಲೇ ಪುಣೆಯಲ್ಲಿ ಧೋಂಡೋ ಕೇಶವ ಕರ್ವೆಯವರು ಹೆಂಗಸರಿಗಾಗಿಯೇ ಒಂದು ವಿಶ್ವವಿದ್ಯಾಲಯ ಶುರುಮಾಡಿದರು. ಬೆರಳೆಣಿಕೆಯ ವಿದ್ಯಾರ್ಥಿನಿಯರು, ಮಾತೃಭಾಷೆಯಲ್ಲಿ ಪಾಠ. ಸರ್ಕಾರದ ಮಾನ್ಯತೆಗೆ ಕಾಯಲಿಲ್ಲ. ಮನೆಮನೆ ತಿರುಗಿ ಚಂದಾ ಎತ್ತಿದರು. ಕೇಳಿದರೆ ಮೈ ನವಿರೇಳುತ್ತದೆ. ಆದರೆ ಮಾನ್ಯತೆ ಇಲ್ಲದ ಪದವಿ ಹಿಡಿದ ಹುಡುಗಿಗೆ ಕೆಲಸ ಕೊಡುವವರು ಯಾರು? ಪೂರ್ಣ ಶಾಸನಬದ್ಧ ಮಾನ್ಯತೆ ಸಿಗುವ ಹೊತ್ತಿಗೆ 1951 ಆಗಿತ್ತು. ಮೂವತ್ತೈದು ವರ್ಷ! ಅಷ್ಟರಲ್ಲಿ ವಿಠ್ಠಲದಾಸ ಠಾಕರ್ಸಿಯವರು 15 ಲಕ್ಷ ರೂಪಾಯಿ ಕೊಟ್ಟರು, 1920ರ 15 ಲಕ್ಷ. ವಿಶ್ವವಿದ್ಯಾಲಯಕ್ಕೆ ಅವರ ತಾಯಿ ನಾಥೀಬಾಯಿಯವರ ಹೆಸರು ಬಂತು. ಇಂದಿಗೂ ಎಸ್.ಎನ್.ಡಿ.ಟಿ. ಎಂದೇ ಅದನ್ನು ಕರೆಯುವುದು. ದುಡ್ಡು ಸರ್ಕಾರದ್ದಾಗಲಿ ಸಾಹುಕಾರರದ್ದಾಗಲಿ, ಬರುವಾಗ ಏನಾದರೊಂದನ್ನು ಜೊತೆಯಲ್ಲಿ ಹಿಡಿದೇ ಬರುತ್ತದೆ. ಗಂಡನ ಕೈಯಿಂದ ತಿಂಗಳ ಖರ್ಚು ಎಣಿಸಿಕೊಂಡ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಕತೆಗೆ ಬರುತ್ತೇನೆ. ಇಲ್ಲಿಯವರೆಗೆ ಸುತ್ತಿ ಬಳಸಿ ಬಂದದ್ದು ಇದನ್ನು ಹೇಳಲು ಮನಸ್ಸಿಲ್ಲದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಒಂದು ವಿಶ್ವವಿದ್ಯಾಲಯದ ಪದವಿ ತರಗತಿಗಳ ಅಧ್ಯಯನ ಮಂಡಳಿಯಲ್ಲಿ ಸದಸ್ಯೆಯಾಗಿದ್ದೆ. ನಾವು ಸಂಪಾದಿಸಿದ ಪಠ್ಯದಲ್ಲಿ ಲೇಖಕಿಯೊಬ್ಬರ ಕಥೆಯಿತ್ತು. ಹಬ್ಬದ ಸಂತರ್ಪಣೆಯಲ್ಲಿ ತನ್ನವರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿದರೆಂದು ಒಬ್ಬ ಹುಡುಗಿ ಎಲೆ ಬಿಟ್ಟು ಎದ್ದು ಬರುವ ಕಥೆ. ಅದನ್ನು ಆರಿಸಿದವಳೇ ನಾನು. ಪುಸ್ತಕ ಅಚ್ಚಾಗಿ ತರಗತಿಗೆ ಹೋಗಿ ಎರಡು ತಿಂಗಳಾಗಿತ್ತು. ಯಾರಿಗೋ ನೋವಾಯಿತು, ಯಾರೋ ಯಾರಿಗೋ ಹೇಳಿದರು. ಒಂದು ಮಧ್ಯಾಹ್ನ ಮಂಡಳಿಯ ತುರ್ತು ಸಭೆ ಕರೆದರು. ಅಧ್ಯಕ್ಷರು ಬಾಗಿಲು ಹಾಕಿಸಿ, "ಮೇಲಿನಿಂದ ಫೋನ್ ಬಂದಿದೆ. ಬರವಣಿಗೆಯಲ್ಲಿ ಏನೂ ಇಲ್ಲ. ನಾವೇ ಮರುಪರಿಶೀಲನೆ ಮಾಡಿದೆವು ಎಂದು ಠರಾವು ಮಾಡಿಬಿಡೋಣ" ಎಂದರು.

ನಾನು ಎರಡು ಮಾತು ಆಡಿದೆ. ಹೆಚ್ಚೇನೂ ಅಲ್ಲ. ಆಗ ಇನ್ನೊಬ್ಬ ಸದಸ್ಯರು, ನನಗಿಂತ ಹಿರಿಯರು, ಒಳ್ಳೆಯವರು, ಮೆಲ್ಲಗೆ ಹೇಳಿದರು: "ನೋಡಮ್ಮ, ಹೆಣ್ಣುಮಕ್ಕಳ ಹಾಸ್ಟೆಲಿನ ಫೈಲು ಈಗ ಹಣಕಾಸು ಇಲಾಖೆಯಲ್ಲಿದೆ. ಒಂದು ಕಥೆಗೋಸ್ಕರ ಅದನ್ನು ಕೆಡಿಸಿಕೊಳ್ಳೋಣವೇ?"

ಹಾಸ್ಟೆಲು ಎಂದ ಕೂಡಲೇ ನನ್ನ ಬಾಯಿ ಕಟ್ಟಿತು. ನೀರು ಸಾರು, ತಗಡಿನ ಟ್ರಂಕು, ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಬಿಟ್ಟು ಹೋಗುವಾಗ ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡದ್ದು, ಎಲ್ಲ ಕಣ್ಣ ಮುಂದೆ ಬಂತು. ಉಂಡ ಮನೆ. ಸಹಿ ಹಾಕಿದೆ. ಠರಾವಿನಲ್ಲಿ ನನ್ನದು ಮೂರನೆಯ ಸಹಿ.

ಪುಸ್ತಕದಿಂದ ಹಾಳೆ ಹರಿಯಲಿಲ್ಲ. ಆ ಪಾಠವನ್ನು ಬೋಧಿಸಬೇಕಾಗಿಲ್ಲ, ಅದರಿಂದ ಪ್ರಶ್ನೆ ಕೇಳುವುದಿಲ್ಲ ಎಂದು ಒಂದು ಸುತ್ತೋಲೆ ಹೊರಟಿತು, ಅಷ್ಟೆ. ನನ್ನ ತರಗತಿಯಲ್ಲಿ ನಾಲ್ಕನೆಯ ಪಾಠ ಮುಗಿಸಿ ಆರನೆಯದಕ್ಕೆ ಹೋದಾಗ ಹಿಂದಿನ ಬೆಂಚಿನ ಒಬ್ಬಳು ಎದ್ದು, "ಮೇಡಂ, ಐದನೇದು?" ಎಂದಳು. "ಪರೀಕ್ಷೆಗೆ ಇಲ್ಲಮ್ಮ" ಎಂದೆ. "ನಾನು ಓದ್ಕೊಂಡ್ ಬಂದಿದೀನಿ ಮೇಡಂ" ಎಂದಳು. ಉಳಿದವರು ನಕ್ಕರು. ಅವಳು ಕೂತಳು. ದಿನಾ ಹದಿನೆಂಟು ಕಿಲೋಮೀಟರ್ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ.

ಹಾಸ್ಟೆಲು ಮಂಜೂರಾಯಿತು. ಕಟ್ಟಿದರು. ಇವತ್ತಿಗೂ ಇದೆ. ಅದರ ಮುಂದೆ ಹಾದುಹೋಗುವಾಗ ಒಣಹಾಕಿದ ಚೂಡಿದಾರಗಳನ್ನು ನೋಡಿ ಸಂತೋಷವಾಗುತ್ತದೆ. ಅಲ್ಲಿ ಓದಿದ ಎಷ್ಟು ಹುಡುಗಿಯರು ಟೀಚರಾಗಿ, ನರ್ಸಾಗಿ, ಪೊಲೀಸಾಗಿ ಹೊರಟಿದ್ದಾರೆ! ಹಾಗಾದರೆ ನಾನು ಮಾಡಿದ್ದು ತಪ್ಪೇ? ವರ್ಷಗಳ ಕಾಲ ತಪ್ಪಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಕಥೆಯ ಬದಲು ನೂರು ಹುಡುಗಿಯರಿಗೆ ಸೂರು. ಲೆಕ್ಕದಲ್ಲಿ ಎಲ್ಲಿದೆ ತಪ್ಪು?

ಲೆಕ್ಕದ ತಪ್ಪು ಬಹಳ ಕಾಲದ ಮೇಲೆ ಕಂಡಿತು. ಆ ಕಥೆ ತೆಗೆಯದಿದ್ದರೆ ಹಾಸ್ಟೆಲು ಕೊಡುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಫೋನು ಮಾಡಿದವರಿಗೆ ಹಾಸ್ಟೆಲಿನ ಫೈಲು ಎಂಬುದೊಂದಿದೆ ಎಂದು ಗೊತ್ತಿತ್ತೋ ಇಲ್ಲವೋ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದವರು ನಾವು, ಬಾಗಿಲು ಹಾಕಿಕೊಂಡು ಕೂತ ಏಳು ಜನ. ಸರ್ಕಾರದ ಹಿಡಿತ ಎಂದು ನಾವು ದೂರುವುದರಲ್ಲಿ ಎಷ್ಟು ಪಾಲು ಸರ್ಕಾರದ ಕೈಯದು, ಎಷ್ಟು ಪಾಲು ನಮ್ಮ ಕುತ್ತಿಗೆ ತಾನಾಗಿಯೇ ಬಾಗಿದ್ದು, ಹೇಳುವುದು ಕಷ್ಟ. ಸೊಸೆಯಂದಿರಿಗೆ ಇದು ಗೊತ್ತು. ಅತ್ತೆ ಬೈಯುವ ಮೊದಲೇ ಬೈಯಬಹುದಾದದ್ದನ್ನೆಲ್ಲ ಊಹಿಸಿ, ಉಡುವ ಸೀರೆ, ಆಡುವ ಮಾತು ಎಲ್ಲವನ್ನೂ ತಿದ್ದಿಕೊಂಡುಬಿಡುತ್ತೇವೆ. ಆಮೇಲೆ ಅತ್ತೆ, 'ನಾನೇನೂ ಅನ್ನಲೇ ಇಲ್ಲವಲ್ಲ' ಎಂದರೆ ಅದೂ ನಿಜವೇ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಉಂಡ ಮನೆ ಎಂದೆನಲ್ಲ, ಅದು ಯಾರ ಮನೆ? ಆ ಹಾಸ್ಟೆಲಿನ ಅಕ್ಕಿ, ರಾಗಿ ಯಾವ ಮಂತ್ರಿಯ ಗದ್ದೆಯಲ್ಲಿ ಬೆಳೆದದ್ದು? ನಮ್ಮವ್ವ ಬೆಂಕಿಪೊಟ್ಟಣ ಕೊಂಡಾಗ, ಅಪ್ಪ ಬೀಡಿ ಕೊಂಡಾಗ ಕೊಟ್ಟ ಕಾಸಿನಲ್ಲೂ ತೆರಿಗೆಯಿತ್ತು. ನಾನು ಉಂಡದ್ದು ಅವರದನ್ನೇ. ಸರ್ಕಾರ ಸೌಟು ಹಿಡಿದು ಬಡಿಸಿತು, ಅದಕ್ಕೆ ನನ್ನ ನಮಸ್ಕಾರ. ಬಡಿಸುವವನು ನಮ್ಮವನಾದರೆ ಕಡೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎನ್ನುತ್ತಾರೆ. ಅರಸು ಅವರ ಕಾಲದಲ್ಲಿ ಮೊದಲ ಸಲ ಬಡಿಸುವವರು ನಮ್ಮ ಪಂಕ್ತಿಯ ಕಡೆ ತಿರುಗಿ ನೋಡಿದರು. ಆ ಸಂಭ್ರಮದಲ್ಲಿ ನಾನು ಬಡಿಸುವವರನ್ನೇ ಮನೆಯ ಯಜಮಾನರೆಂದು ತಿಳಿದುಬಿಟ್ಟೆ. 1918ರಲ್ಲಿ, 1933ರಲ್ಲಿ ಬಾಗಿಲು ಕಾದವರೂ ಇದೇ ತಪ್ಪನ್ನು ಇನ್ನೊಂದು ಕಡೆಯಿಂದ ಮಾಡಿದ್ದರು. ಮೊದಲು ಬಂದು ಒಳಗೆ ಕೂತದ್ದರಿಂದ ಮನೆ ತಮ್ಮದೆಂದುಕೊಂಡರು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1948–49ರಲ್ಲಿ, ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗ ಇದನ್ನು ಆಗಲೇ ಹೇಳಿತ್ತು. ಉನ್ನತ ಶಿಕ್ಷಣಕ್ಕೆ ಹಣ ಕೊಡುವುದು ಸರ್ಕಾರದ ಕರ್ತವ್ಯ, ಆದರೆ ಕೊಟ್ಟ ಮಾತ್ರಕ್ಕೆ ಏನು ಕಲಿಸಬೇಕು ಎಂದು ಹೇಳುವ ಹಕ್ಕು ಬರುವುದಿಲ್ಲ ಎಂಬರ್ಥದಲ್ಲಿ. ಇದೇ ರಾಧಾಕೃಷ್ಣನ್ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿದವರು. ಆದರೆ ನಡೆದದ್ದು ಬೇರೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸಂವಿಧಾನದ ತಿದ್ದುಪಡಿಯಾಗಿ ಶಿಕ್ಷಣ ರಾಜ್ಯಗಳ ಪಟ್ಟಿಯಿಂದ ಕೇಂದ್ರ–ರಾಜ್ಯಗಳ ಜಂಟಿ ಪಟ್ಟಿಗೆ ಹೋಯಿತು. ನಮ್ಮ ರಾಜ್ಯದ 2000ದ ಕಾಯ್ದೆಯಲ್ಲಿ ಕುಲಪತಿಯನ್ನು ರಾಜ್ಯಪಾಲರು ನೇಮಿಸಬೇಕು, ಅದಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. 2025ರ ಜನವರಿಯಲ್ಲಿ ಯುಜಿಸಿ ಈ ನೇಮಕದಲ್ಲಿ ಕುಲಾಧಿಪತಿಗಳ ಕೈ ಬಲಪಡಿಸುವ ಕರಡು ನಿಯಮ ಹೊರಡಿಸಿದಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಪ್ರತಿಭಟಿಸಿದವು. ದೆಹಲಿ ಸರಿಯೋ ಬೆಂಗಳೂರು ಸರಿಯೋ ಎಂದು ಪತ್ರಿಕೆಗಳಲ್ಲಿ ಚರ್ಚೆಯೋ ಚರ್ಚೆ. ಬೀಗದ ಕೈ ಅತ್ತೆಯ ಸೊಂಟದಲ್ಲಿರಬೇಕೋ ಮಾವನ ಜೇಬಿನಲ್ಲೋ ಎಂಬ ಜಗಳ. ಉಗ್ರಾಣದೊಳಗೆ ದುಡಿಯುವವಳ ಮಾತು ಎರಡೂ ಕಡೆ ಬರಲಿಲ್ಲ. ಅದೇ ಫೆಬ್ರವರಿಯಲ್ಲಿ, ಕೆಲವೇ ವರ್ಷಗಳ ಹಿಂದೆ ಹುಟ್ಟಿಸಿದ್ದ ಹಾಸನ, ಹಾವೇರಿ, ಕೊಡಗು, ಕೊಪ್ಪಳ ಮೊದಲಾದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಎಂದು ಸಂಪುಟ ಉಪಸಮಿತಿ ಶಿಫಾರಸು ಮಾಡಿತು. ಹುಟ್ಟಿಸುವಾಗಲೂ ಒಂದು ಕಾಗದ, ಮುಚ್ಚುವ ಮಾತಿಗೂ ಒಂದು ಕಾಗದ. ನನ್ನ ತಂಗಿಯ ಮಗಳ ಆ ಒಂದು ಪುಟದಲ್ಲಿದ್ದದ್ದು ಇಂಥದೇ ಮಾತು.

ಅವತ್ತು ರಾತ್ರಿ ಊಟವಾದ ಮೇಲೆ ಅವ್ವನ ಕಾಲು ಒತ್ತುತ್ತ ಕೇಳಿದೆ. "ಅವ್ವ, ನಮ್ಮ ಹಳೇ ಮನೆ ಜಂತೆ ಯಾರು ಎಣಿಸ್ತಿದ್ರು?"

"ನಿಮ್ಮಪ್ಪನೇ. ಮುಂಗಾರು ಬರೋಕ್ ಮುಂಚೆ ಏಣಿ ಹಾಕಿ ಒಂದೊಂದನ್ನೂ ತಟ್ಟಿ ನೋಡೋನು. ಯಾವುದು ಗೆದ್ದಲು ಹಿಡಿದೈತೆ ಅಂತ ಸದ್ದಿನಲ್ಲೇ ಗೊತ್ತಾಗೋದು."

"ಎಣಿಸಬಾರದು ಅಂದ್ಯಲ್ಲ?"

"ನೆಂಟರು ಎಣಿಸಬಾರದು ಅಂದೆ ಕಣೆ. ಮನೆಯವರು ಎಣಿಸದೆ ಇದ್ರೆ ಆಯ್ತದಾ?" ಎಂದು ಆ ಕಡೆ ಹೊರಳಿ ಮಲಗಿದಳು. ಸ್ವಲ್ಪ ಹೊತ್ತಿನ ಮೇಲೆ, "ಹುಡುಗಿ ಕೆಲಸ ಹೋದ್ರೆ ನೀನು ಸಾಕ್ತೀಯಾ?" ಎಂದೂ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ನನ್ನ ಪಿಂಚಣಿ ಬರುತ್ತದೆ, ಧೈರ್ಯ ಹೇಳುವುದು ನನಗೆ ಸುಲಭ. ಅವಳಿಗೆ ಶಾಲೆಗೆ ಹೋಗುವ ಮಗನಿದ್ದಾನೆ, ಮನೆ ಬಾಡಿಗೆ ಇದೆ. ನಾನು ಕಾಯಂ ನೌಕರಿಯಲ್ಲಿದ್ದೂ ಸಹಿ ಹಾಕಿದವಳು.

ಬೆಳಿಗ್ಗೆ ಅವಳಿಗೆ ಆ ಪುಟ ಇಡು ಎಂದೂ ಹೇಳಲಿಲ್ಲ, ತೆಗೆ ಎಂದೂ ಹೇಳಲಿಲ್ಲ. ಅಟ್ಟದ ಮೇಲಿನ ಟ್ರಂಕು ಇಳಿಸಿ ಆ ಹಳೆಯ ಪಠ್ಯಪುಸ್ತಕ ಹುಡುಕಿ ಕೊಟ್ಟೆ. ಐದನೆಯ ಪಾಠ ಓದು ಎಂದೆ. ಸಹಿಯ ಕತೆಯನ್ನೂ ಹೇಳಿದೆ, ಹಾಸ್ಟೆಲಿನದನ್ನೂ. ಮನೆಯಲ್ಲಿ ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ಏನೂ ಅನ್ನಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡಳು.

ಸಂಕಿರಣ ಮುಂದಿನ ವಾರ. ಪ್ರಬಂಧ ಕಳಿಸಿದಳೋ ಇಲ್ಲವೋ ನಾನು ಕೇಳಿಲ್ಲ. ಪುಸ್ತಕ ಇನ್ನೂ ಅವಳ ಹತ್ತಿರವೇ ಇದೆ.